ನಾಲ್ಕು ಮೂಲೆಗೂ ಅರಿಶಿನ ಬಳಿಸಿದ ತಮಗೆ ಒಂದು ಅಭಿನಂದನೆ

ಶ್ರೀಯುತ ಬಸವಕುಮಾರ್ ಅವರಿಗೆ,
ಪರಿಣಾಮಕಾರಿ ಪತ್ರ ಲೇಖನದ ತರಬೇತುದಾರರು ಹಾಗೂ ಸಂವಹನ ತಜ್ಞರು,
ಮೈಸೂರು.

ವಿಷಯ: ತಮ್ಮ ತರಬೇತಿಯಿಂದ ನಮ್ಮ ಕಾರ್ಖಾನೆಗೆ ಆಗಿರುವ ಅಪಾರ ಉಪಕಾರದ ಕುರಿತು.
ಉಲ್ಲೇಖ: ತಾವು ನನ್ನ ಪತ್ರಕ್ಕೆ ದಯಪಾಲಿಸಿದ ಹತ್ತಕ್ಕೆ ಮೂರು ಅಂಕ.

ಮಾನ್ಯರೇ,

ಯಳಂದೂರು ತಾಲ್ಲೂಕಿನ ಅಗರದಲ್ಲಿ ರೇಷ್ಮೆ ನೂಲಿಗೆ ಹುರಿ ಹಾಕುವ ಕಾರ್ಖಾನೆಯೊಂದರ ಪತ್ರ ವ್ಯವಹಾರದ ಗುಮಾಸ್ತನಾದ ಶಾಂತರಾಜು ಎಂಬ ನಾನು ತಮಗೂ, ತಮ್ಮ ಪ್ರೊಜೆಕ್ಟರಿಗೂ, ಗೋಡೆಯ ಮೇಲೆ ಕೆಂಪು ಚುಕ್ಕಿ ಕುಣಿಸುತ್ತಿದ್ದ ತಮ್ಮ ಆ ಪುಟ್ಟ ಪೆನ್ನಿಗೂ ಅನಂತ ವಂದನೆಗಳನ್ನು ಅರ್ಪಿಸುತ್ತೇನೆ. ಸಂಕ್ರಾಂತಿ ಕಳೆದ ವಾರ ಕೊಳ್ಳೇಗಾಲದ ಕಲ್ಯಾಣ ಮಂಟಪದಲ್ಲಿ, ಹಿಂದಿನ ದಿನದ ಮದುವೆಯ ಬಾಳೆಕಂಬ ಇನ್ನೂ ಬಾಡುವ ಮೊದಲೇ, ತಾವು ನಡೆಸಿಕೊಟ್ಟ ಒಂದು ದಿನದ ತರಬೇತಿಯನ್ನು ನಾನು ಬದುಕಿರುವವರೆಗೂ ಮರೆಯಲಾರೆ. ಇಪ್ಪತ್ತಾರು ವರ್ಷ ಕಾಗದ ಬರೆದೂ ನಾನು ಕಲಿಯದೆ ಹೋದದ್ದನ್ನು ತಾವು ಬೆಳಗಿನ ಉಪ್ಪಿಟ್ಟಿಗೂ ಮಧ್ಯಾಹ್ನದ ಊಟಕ್ಕೂ ನಡುವಿನ ಅವಧಿಯಲ್ಲಿ ಕಲಿಸಿಬಿಟ್ಟಿರಿ. ಅಂಥ ಗುರುಗಳು ಸಿಗುವುದು ಪೂರ್ವಜನ್ಮದ ಪುಣ್ಯವೆಂದು ತಿಳಿದಿದ್ದೇನೆ.

ತಮಗೆ ನನ್ನ ನೆನಪು ಇರಲಾರದು. 'ಇದು ಪತ್ರವಲ್ಲ, ಊರ ಡಂಗುರ' ಎಂದು ತಾವು ಯಾರ ಬರಹವನ್ನು ಎತ್ತಿ ಹಿಡಿದು ಇಡೀ ಸಭೆಗೆ ತೋರಿಸಿದಿರೋ, ಆ ಬರಹದ ಕರ್ತೃ ನಾನೇ. ಅದರಲ್ಲಿ ಮೂರೇ ವಾಕ್ಯಗಳಿದ್ದವು. 'ಸೋಮವಾರದಿಂದ ಕೆಲಸ ಬೆಳಿಗ್ಗೆ ಎಂಟಕ್ಕೆ ಶುರು. ಒಂಬತ್ತಕ್ಕೆ ಬಂದರೆ ಗೇಟು ತೆಗೆಯುವುದಿಲ್ಲ. ಮನೆಯಲ್ಲಿ ತೊಂದರೆ ಇದ್ದವರು ಮೊದಲೇ ಬಂದು ಹೇಳಿ.' ತಾವು ಕೊಟ್ಟ ಅಂಕವೂ ಮೂರು. ವಾಕ್ಯಕ್ಕೆ ಒಂದರಂತೆ ಹಂಚಿಕೊಂಡು ಸಮಾಧಾನ ಮಾಡಿಕೊಂಡೆ. ಇದನ್ನು ಓದಿದವನ ಎದೆಗೆ ತಟ್ಟುವ ಬೆಚ್ಚನೆಯ ಭಾವ ಎಲ್ಲಿದೆ ಎಂದು ತಾವು ಕೇಳಿದಿರಿ. ಎಂಟು ಗಂಟೆ ಎಂಬುದರಲ್ಲಿ ಬೆಚ್ಚನೆಯ ಭಾವವನ್ನು ಎಲ್ಲಿ ಕೂರಿಸುವುದೋ ನನಗೆ ತಿಳಿಯಲಿಲ್ಲ, ಆದರೂ ತಲೆಯಾಡಿಸಿದೆ. ಪಕ್ಕದಲ್ಲಿ ನಮ್ಮ ವ್ಯವಸ್ಥಾಪಕರಾದ ಮಲ್ಲಿಕಾರ್ಜುನಸ್ವಾಮಿಯವರು ಕೂತಿದ್ದರು, ಅವರೂ ತಲೆಯಾಡಿಸುತ್ತಿದ್ದರು. ಅಧಿಕಾರಿ ತಲೆಯಾಡಿಸುವಾಗ ಗುಮಾಸ್ತನ ತಲೆ ನೆಟ್ಟಗೆ ನಿಂತರೆ ಅದು ಶಿಸ್ತಿನ ಉಲ್ಲಂಘನೆಯಾಗುತ್ತದೆ.

ಅದೇ ಹೊತ್ತಿಗೆ ನನ್ನ ಕಡತದಿಂದ ಇನ್ನೊಂದು ಕಾಗದ ಜಾರಿ ತಮ್ಮ ಬೂಟಿನ ಬಳಿ ಬಿತ್ತು. ಒಬ್ಬ ಹೆಣ್ಣುಮಗಳಿಗೆ ಬಾಣಂತನದ ರಜೆ ಮಂಜೂರಾದ ಪತ್ರದ ಪ್ರತಿ ಅದು. ತಾವು ಅದನ್ನು ಎರಡೇ ಬೆರಳಿನಲ್ಲಿ ಎತ್ತಿ, ಮೂಲೆಯಲ್ಲಿ ಇದೇನು ಕಲೆ ಎಂದು ಕೇಳಿದಿರಿ. ಅದು ಕಲೆಯಲ್ಲ, ಅರಿಶಿನ ಎಂದು ನಾನು ವಿವರಿಸಿದೆ. ನಮ್ಮ ಕಡೆ ಶುಭದ ಕಾಗದಕ್ಕೆ ನಾಲ್ಕು ಮೂಲೆಗೂ ಅರಿಶಿನ ಹಚ್ಚುತ್ತೇವೆ. ಸಾವಿನ ಕಾಗದಕ್ಕೆ ಹಚ್ಚುವುದಿಲ್ಲ, ಅದನ್ನು ಓದಿದ ಮೇಲೆ ಮನೆಯೊಳಗೆ ಇಟ್ಟುಕೊಳ್ಳುವುದೂ ಇಲ್ಲ, ಹೊರಗೇ ಹರಿದು ಹಾಕುತ್ತೇವೆ. ನನ್ನ ಮೇಜಿನ ಡ್ರಾಯರಿನಲ್ಲಿ ಅರಿಶಿನದ ಒಂದು ಪುಟ್ಟ ಡಬ್ಬಿ ಇದೆ. ರಜೆ ಮಂಜೂರಾತಿ, ಬಡ್ತಿ, ಕೆಲಸದ ಆದೇಶ, ಇವಕ್ಕೆ ಹಚ್ಚುತ್ತೇನೆ. ಎಚ್ಚರಿಕೆ ಪತ್ರಕ್ಕೂ ವರ್ಗಾವಣೆಗೂ ಹಚ್ಚುವುದಿಲ್ಲ, ಬದಲಿಗೆ ನಾನೇ ಗೇಟಿನ ಬಳಿ ಹೋಗಿ ನಿಂತು, 'ಕಾಗದ ಬಂದದೆ ಕಣವ್ವ, ಅರಿಶ್ನ ಇಲ್ಲ, ಮೊದ್ಲು ಕೂತ್ಕ, ಓದಿ ಏಳ್ತೀನಿ' ಎನ್ನುತ್ತೇನೆ. ಹೀಗಾಗಿ ನಮ್ಮ ಕಾರ್ಖಾನೆಯ ಹೆಂಗಸರು, ಓದು ಬಂದವರೂ ಬಾರದವರೂ, ಮೊದಲು ಮೂಲೆ ನೋಡುತ್ತಾರೆ, ಮಿಕ್ಕದ್ದು ಆಮೇಲೆ.

ಇಷ್ಟು ಕೇಳಿದ ಕೂಡಲೇ ತಮ್ಮ ಮುಖ ಅರಳಿದ ರೀತಿ ಈಗಲೂ ನನ್ನ ಕಣ್ಣಿಗೆ ಕಟ್ಟಿದಂತಿದೆ. ಹಳದಿ ಕಂಡರೆ ಜನ ಸಂತೋಷದಿಂದ ಪತ್ರ ತೆಗೆದುಕೊಳ್ಳುತ್ತಾರೆ ಎಂದಾದರೆ ಎಲ್ಲ ಪತ್ರಗಳಿಗೂ ಹಳದಿ ಇರಲಿ, ಎಲ್ಲವನ್ನೂ ಸಂತೋಷದಿಂದ ತೆಗೆದುಕೊಳ್ಳಲಿ ಎಂದು ತಾವು ತೀರ್ಪು ಕೊಟ್ಟಿರಿ. ಶಿವರಾತ್ರಿಯ ಹೊತ್ತಿಗೆ ನಮ್ಮ ಹೊಸ ಲೆಟರ್‌ಹೆಡ್ಡು ಅಚ್ಚಾಗಿ ಬಂತು. ನಾಲ್ಕು ಮೂಲೆಗೂ ಅಚ್ಚುಕಟ್ಟಾದ ಅರಿಶಿನ ಬಣ್ಣ, ಅದೂ ಬೆರಳಿಗೆ ಅಂಟದ ಹಾಗೆ. ಇಪ್ಪತ್ತಾರು ವರ್ಷ ನಾನು ಯೋಚಿಸಿ ಯೋಚಿಸಿ ಹಚ್ಚುತ್ತಿದ್ದುದನ್ನು ಯಂತ್ರವೊಂದು ಯೋಚನೆಯೇ ಇಲ್ಲದೆ ಹಚ್ಚಿಕೊಟ್ಟಿತು. ಮಲ್ಲಿಕಾರ್ಜುನಸ್ವಾಮಿಯವರು ನನ್ನ ಡಬ್ಬಿಯನ್ನು ಇನ್ನು ಮನೆಗೆ ಒಯ್ಯಬಹುದು ಎಂದು ಸೌಜನ್ಯದಿಂದಲೇ ಹೇಳಿದರು.

ತಮ್ಮ ಉಳಿದ ಸೂತ್ರಗಳನ್ನೂ ನಾನು ಬಾಯಿಪಾಠ ಮಾಡಿದ್ದೇನೆ. ಪತ್ರದ ಮೊದಲಿಗೆ ಹೊಗಳಿಕೆ, ಕೊನೆಗೆ ಹಾರೈಕೆ. ಹೇಳಬೇಕಾದ ಕಹಿಯನ್ನು ನಡುವೆ ಇಡಬೇಕು. ನಮ್ಮೂರಿನಲ್ಲಿ ಹಸುವಿಗೆ ಗುಳಿಗೆ ನುಂಗಿಸುವಾಗ ಬಾಳೆಹಣ್ಣಿನ ನಡುವೆ ಇಡುತ್ತಾರಲ್ಲ, ಅದನ್ನೇ ತಾವು ಸ್ಯಾಂಡ್‌ವಿಚ್ ಎಂದಿರಿ. 'ಇಲ್ಲ' ಎಂಬ ಪದ ಎಲ್ಲಿಯೂ ಬರಬಾರದು. ವರ್ಗಾವಣೆಗೆ 'ಹೊಸ ಪಯಣ' ಎನ್ನಬೇಕು, ಎಚ್ಚರಿಕೆಗೆ 'ಸ್ನೇಹಪೂರ್ವಕ ನೆನಪು' ಎನ್ನಬೇಕು. ಎಲ್ಲಕ್ಕಿಂತ ದೊಡ್ಡ ಸೂತ್ರವೆಂದರೆ, ಪತ್ರವೇ ಮಾತನಾಡಬೇಕು, ಬರೆದವನು ಮಾತನಾಡಬಾರದು. ಹೋಗಿ ವಿವರಿಸಬೇಕಾಗಿ ಬಂದರೆ ಅದು ಸೋತ ಪತ್ರ. ಅಂದಿನಿಂದ ನಾನು ಗೇಟಿನ ಬಳಿ ಹೋಗುವುದನ್ನು ಬಿಟ್ಟೆ. ನಿಜ ಹೇಳಬೇಕೆಂದರೆ, ಬಿಟ್ಟದ್ದರಲ್ಲಿ ವಿಧೇಯತೆಯಷ್ಟೇ ಹಟವೂ ಇತ್ತು. ಹತ್ತಕ್ಕೆ ಮೂರು ಬಂದವನಿಗೆ ಏಕೆ ಬೇಕು ಊರ ಉಸಾಬರಿ ಎಂದುಕೊಂಡೆ.

ಫಲಿತಾಂಶಗಳು ಬಹು ಬೇಗ ಕಂಡವು. ನೂಲು ಸುತ್ತಲು ಬಿರುಕು ಬಿಟ್ಟ ಬಾಬಿನ್ನುಗಳನ್ನು ಕಳಿಸಿದ್ದ ವರ್ತಕರೊಬ್ಬರಿಗೆ ತಮ್ಮ ಸೂತ್ರದಂತೆ ದೂರು ಬರೆದೆ. ನಮ್ಮ ಎರಡೂ ಸಂಸ್ಥೆಗಳ ಬಹುಕಾಲದ ಬಾಂಧವ್ಯದಿಂದ ಶುರು ಮಾಡಿ ಅವರ ಕುಟುಂಬದ ಏಳಿಗೆಯಲ್ಲಿ ಮುಗಿಸಿದೆ. ಅವರು ಆ ಪತ್ರಕ್ಕೆ ಚೌಕಟ್ಟು ಹಾಕಿಸಿ ಅಂಗಡಿಯಲ್ಲಿ ತೂಗುಹಾಕಿ, ಅದೇ ಬಗೆಯ ಬಾಬಿನ್ನುಗಳನ್ನು ಇನ್ನೂ ಎರಡು ಪೆಟ್ಟಿಗೆ ಕಳಿಸಿಕೊಟ್ಟರು. ಊಟವಾದ ಮೇಲೆ ಗೇಟಿನಲ್ಲೇ ತೂಕಡಿಸುವ ಕಾವಲುಗಾರ ನಾಗಯ್ಯನಿಗೆ ಒಂದು ಸ್ನೇಹಪೂರ್ವಕ ನೆನಪು ಹೋಯಿತು. 'ತಮ್ಮ ಶಾಂತ ಸ್ವಭಾವ ಕಾರ್ಖಾನೆಗೆ ಆಭರಣ' ಎಂಬ ಮೊದಲ ಸಾಲನ್ನು ಓದಿದ ನಾಗಯ್ಯ, 'ಇಷ್ಟ್ ದಿನಕ್ಕೆ ನಮ್ಮುನ್ನ ಗುರ್ತುಸುದ್ರಿ ಸಾ' ಎಂದು ನನ್ನ ಕೈ ಹಿಡಿದುಕೊಂಡ. ಈಗ ಊಟಕ್ಕೆ ಮೊದಲೂ ತೂಕಡಿಸುತ್ತಾನೆ. ಒಡೆಯರಪಾಳ್ಯದ ಟಿಬೆಟನ್ ಶಿಬಿರದಲ್ಲಿ ನಮ್ಮ ನೂಲು ತರಿಸಿಕೊಂಡು ನೇಯುವ ಅಜ್ಜಿಯೊಬ್ಬರು ಮಾತ್ರ ನಮ್ಮ ಒಂದೂವರೆ ಪುಟದ ಪತ್ರಕ್ಕೆ ಇನ್ನೂ ತಮ್ಮ ಹಳೆಯ ಪದ್ಧತಿಯಲ್ಲೇ ಉತ್ತರಿಸುತ್ತಾರೆ: 'ನೂಲು ಬಂತು. ಚೆನ್ನಾಗಿದೆ. ಎರಡು ಲಡಿ ಸಿಕ್ಕಾಗಿದೆ, ಬದಲಾಯಿಸಿ.' ಪಾಪ, ಅವರಿಗೆ ತರಬೇತಿ ಆಗಿಲ್ಲ. ಆ ಚೀಟಿಯನ್ನು ಓದಿದಾಗಲೆಲ್ಲ ನನಗೆ ಯಾಕೋ ತವರಿನಿಂದ ಕಾಗದ ಬಂದಷ್ಟು ಹಿಗ್ಗಾಗುತ್ತದೆ.

ಇಲ್ಲಿ ತಮ್ಮ ವ್ಯಕ್ತಿತ್ವದ ಬಗ್ಗೆಯೂ ಒಂದೆರಡು ಮಾತು ಹೇಳದಿದ್ದರೆ ಅಪಚಾರವಾದೀತು. ತಾವು ತೊಟ್ಟಿದ್ದ ತಿಳಿನೀಲಿ ಅಂಗಿ, ಪ್ರತಿಯೊಂದು ಪ್ರಶ್ನೆಗೂ 'ಒಳ್ಳೆಯ ಪ್ರಶ್ನೆ' ಎಂದು ಹೇಳಿ ಮುಂದಿನ ಸ್ಲೈಡಿಗೆ ಹೋಗುತ್ತಿದ್ದ ತಮ್ಮ ಚಾಕಚಕ್ಯತೆ, ಮಧ್ಯಾಹ್ನ ಮುದ್ದೆ ಬೇಡವೆಂದು ಚಪಾತಿ ತರಿಸಿಕೊಂಡ ತಮ್ಮ ಮಿತಾಹಾರ, ಇವೆಲ್ಲವನ್ನೂ ನಮ್ಮ ಸಿಬ್ಬಂದಿ ಇಂದಿಗೂ ಕೊಂಡಾಡುತ್ತಿದ್ದು, ಈ ಅಭಿಮಾನದ ಕುರುಹಾಗಿ ತಾವು ಒಂದು ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಅಗರದ ನಮ್ಮ ಕಾರ್ಖಾನೆಯ ಅಂಗಳಕ್ಕೆ ಸ್ವಂತ ಖರ್ಚಿನಲ್ಲಿ ಆಗಮಿಸಿ, ತಮ್ಮ ಮಾದರಿಯಂತೆ ಬರೆಯಲಾದ ಅಷ್ಟೂ ಪತ್ರಗಳನ್ನು ಕೆಲಸದ ಹೆಂಗಸರ ಮುಂದೆ ಗಟ್ಟಿಯಾಗಿ ಓದಿ, ಪ್ರತಿ ಸಾಲಿನ ಅರ್ಥವನ್ನು ತಾವೇ ಹೇಳುವುದೆಂದೂ, ಈ ಪತ್ರ ತಲುಪಿದ ಹದಿನೈದು ದಿನಗಳೊಳಗೆ ತಮ್ಮಿಂದ ಲಿಖಿತ ಆಕ್ಷೇಪಣೆ ಬಾರದಿದ್ದಲ್ಲಿ ಅದಕ್ಕೆ ತಮ್ಮ ಸಮ್ಮತಿ ಇದೆಯೆಂದು ಭಾವಿಸಲಾಗುವುದೆಂದೂ ವಿನಯದಿಂದ ತಿಳಿಸುತ್ತಾ, ತಮ್ಮ ಮುಗುಳ್ನಗೆಯನ್ನು ನಾವು ಎಂದಿಗೂ ಮರೆಯಲಾರೆವು ಎಂದು ಮತ್ತೊಮ್ಮೆ ಸ್ಮರಿಸುತ್ತೇನೆ.

ಈಗ ಚಿಕ್ಕಮಾದಮ್ಮನ ವಿಷಯಕ್ಕೆ ಬರುತ್ತೇನೆ. ಚಿಕ್ಕಮಾದಮ್ಮ ಅಗರದವಳೇ. ಹತ್ತೊಂಬತ್ತು ವರ್ಷದಿಂದ ನಮ್ಮಲ್ಲಿ ಹುರಿ ಯಂತ್ರದ ಮುಂದೆ ನಿಂತವಳು. ಕಣ್ಣಿಗೆ ಕಾಣದ ಎಳೆ ಕಡಿದರೂ ಬೆರಳಿನಲ್ಲೇ ಹುಡುಕಿ ಗಂಟು ಹಾಕುತ್ತಾಳೆ, ಆ ಗಂಟನ್ನು ನಾವು ಯಾರೂ ಹುಡುಕಲಾರೆವು. ಗಂಡ ತೀರಿಕೊಂಡು ಬಹಳ ಕಾಲವಾಯಿತು. ಮನೆಯಲ್ಲಿ ಅತ್ತೆ ಕೆಂಪಾಜಮ್ಮ ಹಾಸಿಗೆ ಹಿಡಿದಿದ್ದಾರೆ. ಮಧ್ಯಾಹ್ನದ ಗಂಟೆ ಹೊಡೆದ ಕೂಡಲೇ ಚಿಕ್ಕಮಾದಮ್ಮ ಊಟದ ಡಬ್ಬಿಯನ್ನೂ ಬಿಚ್ಚದೆ ಮನೆಗೆ ಓಡಿ, ಅತ್ತೆಗೆ ಗಂಜಿ ಕುಡಿಸಿ, ಮಗ್ಗುಲು ತಿರುಗಿಸಿ, ಮುಕ್ಕಾಲು ಗಂಟೆಯಲ್ಲಿ ಹಿಂದಿರುಗುತ್ತಾಳೆ. ಕೆಲಸ ಮನೆಯ ಹತ್ತಿರ ಇರುವುದರಿಂದ ಅವಳಿಗೆ ಕೆಲಸ ಇದೆ, ಅವಳಿಗೆ ಕೆಲಸ ಇರುವುದರಿಂದ ಆ ಮನೆ ಇದೆ.

ಯುಗಾದಿ ಕಳೆದ ಮೇಲೆ ನಮ್ಮ ಮಾಲೀಕರು ಹನೂರಿನಲ್ಲಿ ಹೊಸ ಘಟಕ ತೆರೆಯಲು ನಿಶ್ಚಯಿಸಿ, ಅಲ್ಲಿನ ಹೊಸಬರಿಗೆ ಕೆಲಸ ಕಲಿಸಲು ಅನುಭವ ಇರುವ ಮೂವರನ್ನು ಇಲ್ಲಿಂದ ಕಳಿಸಬೇಕೆಂದರು. ಚಿಕ್ಕಮಾದಮ್ಮನ ಹೆಸರೂ ಪಟ್ಟಿಯಲ್ಲಿ ಬಂತು. ಮಾಲೀಕರೇನೂ ಕಟುಕರಲ್ಲ. ಮನೆಯಲ್ಲಿ ತೊಂದರೆ ಇದ್ದವರು ಹದಿನೈದು ದಿನದೊಳಗೆ ಬರೆದು ತಿಳಿಸಿದರೆ ಇಲ್ಲೇ ಇರಬಹುದು ಎಂದು ಅವಕಾಶವನ್ನೂ ಕೊಟ್ಟಿದ್ದರು. ಹಳೆಯ ಕಾಲವಾಗಿದ್ದರೆ ನಾನು ಅರಿಶಿನವಿಲ್ಲದ ಕಾಗದದಲ್ಲಿ ಎರಡು ಸಾಲು ಬರೆದು, ಗೇಟಿಗೆ ಹೋಗಿ ಕೂರಿಸಿ ಓದಿ, ಅಲ್ಲೇ ಅವಳ ಉತ್ತರವನ್ನೂ ಬರೆದುಕೊಂಡು ಬರುತ್ತಿದ್ದೆ. ಆದರೆ ಈಗ ತರಬೇತಿ ಆಗಿತ್ತು. ಹಳದಿ ಮೂಲೆಯ ಕಾಗದದಲ್ಲಿ ನಾನು ಬರೆದ ಮೊದಲ ಸಾಲು, 'ತಮ್ಮ ಹತ್ತೊಂಬತ್ತು ವರ್ಷಗಳ ನಿಷ್ಠಾವಂತ ಸೇವೆಯನ್ನು ಸ್ಮರಿಸಲು ನಮಗೆ ಅಪಾರ ಹರ್ಷವಾಗುತ್ತದೆ.' ಕೊನೆಯ ಸಾಲು, 'ತಮ್ಮ ಬಾಳು ಬಂಗಾರವಾಗಲಿ.' ನಡುವೆ, ಹನೂರಿನ ನೂತನ ಘಟಕವು ಅವಳ ಹೊಸ ಪಯಣಕ್ಕಾಗಿ ಬಾಗಿಲು ತೆರೆದು ಕಾಯುತ್ತಿರುವ ಸಂಗತಿ, ಮತ್ತು ಹದಿನೈದು ದಿನದೊಳಗೆ ಅನ್ಯಥಾ ತಿಳಿಸದಿದ್ದಲ್ಲಿ ಸಮ್ಮತಿಯೆಂದು ಭಾವಿಸಲಾಗುವ ಸಂಗತಿ. ಮಲ್ಲಿಕಾರ್ಜುನಸ್ವಾಮಿಯವರು ಅದನ್ನು ಓದಿ, ತಾವಾಗಿದ್ದರೆ ಇದಕ್ಕೆ ಹತ್ತಕ್ಕೆ ಒಂಬತ್ತು ಕೊಡುತ್ತಿದ್ದಿರಿ ಎಂದರು. ನಾನು ಹಿಗ್ಗಿದೆ ಎಂದು ಒಪ್ಪಿಕೊಳ್ಳುತ್ತೇನೆ. ಪತ್ರ ಅಂಚೆಯಲ್ಲಿ ಅವಳ ಮನೆಗೆ ಹೋಯಿತು.

ಉಳಿದ ಇಬ್ಬರ ಪೈಕಿ ಪುಟ್ಟಗೌರಮ್ಮನ ತವರು ಹನೂರಿನ ಪಕ್ಕದಲ್ಲೇ ಇದ್ದುದರಿಂದ ಅವಳು ಕುಣಿದುಕೊಂಡು ಒಪ್ಪಿದಳು. ಇನ್ನೊಬ್ಬಳು ಮಗಳ ಕೈಯಲ್ಲಿ ಓದಿಸಿ ಬೇಡವೆಂದು ಬರೆಸಿಕೊಟ್ಟಳು. ಚಿಕ್ಕಮಾದಮ್ಮನಿಂದ ಮಾತ್ರ ಏನೂ ಬರಲಿಲ್ಲ. ದಿನವೂ ಬೆಳಿಗ್ಗೆ ಗೇಟಿನಲ್ಲಿ ನನ್ನನ್ನು ಕಂಡು ಎಂದಿಗಿಂತ ಅಗಲವಾಗಿ ನಗುತ್ತಿದ್ದಳು. ಅತ್ತೆಗೆ ಬೇರೆ ಏರ್ಪಾಡು ಮಾಡಿಕೊಂಡಿರಬೇಕು ಎಂದು ನಾನೂ ನಕ್ಕೆ. ಬಾಯಿಬಿಟ್ಟು ಕೇಳಬಹುದಿತ್ತು, ಕೇಳಲಿಲ್ಲ. ಪತ್ರವೇ ಮಾತನಾಡಲಿ ಎಂದು ತಾವು ಹೇಳಿರಲಿಲ್ಲವೇ?

ಹದಿನಾರನೆಯ ದಿನ ಆಕೆ ತಲೆಗೆ ನೀರು ಹಾಕಿಕೊಂಡು, ಹೂ ಮುಡಿದು, ಬಾಳೆಯೆಲೆಯಲ್ಲಿ ತಂಬಿಟ್ಟು ಕಟ್ಟಿಕೊಂಡು ಕಚೇರಿಗೆ ಬಂದಳು. 'ನೀವೇ ಬರ್ದಿದ್ದಂತಲ್ಲ ಸಾ, ನಾಕನೇ ಕಲಾಸು ಓದ್ದೋಳ್ಗೂ ಗೊತ್ತಾಗೋ ಅಂಗೆ ಬರ್ದಿದ್ದೀರಿ. ಪರ್ಮನೆಂಟ್ ಆಯ್ತು ಅಂತ ನಮ್ಮತ್ತೆಗೆ ಏಳ್ದೆ, ಅವ್ವ ಮಲಗಿದ್ ಕಡೆಯಿಂದ್ಲೇ ನಿಮ್ಗೆ ಕೈ ಮುಗುದ್ಲು' ಎಂದಳು. ಕಾಯಂ ಆದೇಶ ಈ ವರ್ಷವೋ ಮುಂದಿನ ವರ್ಷವೋ ಬರಬಹುದು ಎಂದು ಹಿಂದೊಮ್ಮೆ ಹೇಳಿದ್ದವನು ನಾನೇ. ತಂಬಿಟ್ಟು ಆಗಲೇ ನನ್ನ ಬಾಯಲ್ಲಿತ್ತು. ನುಂಗಲೂ ಆಗಲಿಲ್ಲ, ಉಗಿಯಲೂ ಆಗಲಿಲ್ಲ.

ಆದದ್ದು ಇಷ್ಟು. ಲಕೋಟೆ ಒಡೆದವಳು ಮೊದಲು ನೋಡಿದ್ದು ನಾಲ್ಕು ಮೂಲೆಯನ್ನು. ಅಕ್ಷರ ಕೂಡಿಸಿ ಮೊದಲ ಸಾಲು ಓದಿದಳು, ಹರ್ಷ ಎಂದಿತ್ತು. ಕೊನೆಯ ಸಾಲು ಓದಿದಳು, ಬಂಗಾರ ಎಂದಿತ್ತು. ಅರಿಶಿನದ ಕಾಗದವನ್ನು ಅವರ ಮನೆಯಲ್ಲಿ ಮೊದಲು ಮಾದಪ್ಪನ ಪಟದ ಮುಂದೆ ಗೂಡಿನಲ್ಲಿಟ್ಟು, ಸೋಮವಾರ ಪೂಜೆ ಮಾಡಿ, ಆಮೇಲೆಯೇ ಪೂರ್ತಿ ಓದಿಸುವುದು, ಪೂಜೆಗೆ ಮೊದಲು ಹೊರಗಿನ ಯಾರೊಂದಿಗೂ ಬಾಯಿ ಬಿಡದಿರುವುದು ವಾಡಿಕೆ. ಗೂಡಿನಲ್ಲಿಟ್ಟ ಮಾರನೆಯ ದಿನವೇ ದಾಯಾದಿಗಳ ಮನೆಯಲ್ಲಿ ಒಬ್ಬರು ತೀರಿಕೊಂಡರು. ಹನ್ನೊಂದು ದಿನ ಸೂತಕ, ದೇವರ ಗೂಡು ಮುಟ್ಟುವಂತಿಲ್ಲ. ಸೂತಕ ಕಳೆದು, ಮನೆ ಸಾರಿಸಿ, ಸೋಮವಾರ ಕಾದು ಪೂಜೆ ಮಾಡಿ, ಕಾಗದ ತೆಗೆದುಕೊಂಡು ನೇರವಾಗಿ ನನ್ನಲ್ಲಿಗೇ ಬಂದಿದ್ದಳು, ಬರೆದವರ ಬಾಯಿಂದಲೇ ಕೇಳೋಣವೆಂದು. ಹೀಗೆ ಆ ಹದಿನೈದು ದಿನಗಳು ಮಾದಪ್ಪನ ಮುಂದೆ, ಊದಿನಕಡ್ಡಿಯ ಬೂದಿಯ ಪಕ್ಕದಲ್ಲಿ, ಬಹಳ ಗೌರವದಿಂದ ಕಳೆದುಹೋದವು.

ನಾನು ಓದಿ ಹೇಳಿದೆ. ನಡುವಿನ ಭಾಗವನ್ನು ಎರಡು ಸಲ ಓದಬೇಕಾಯಿತು, ಅಷ್ಟು ಚೆನ್ನಾಗಿ ಬಚ್ಚಿಟ್ಟಿದ್ದೆ. ಅವಳು ಅಳಲಿಲ್ಲ, ಬೈಯಲಿಲ್ಲ. ಕಾಗದವನ್ನು ತಿರುಗಿಸಿ ತಿರುಗಿಸಿ ನೋಡಿ, 'ನಾಕು ಮೂಲೆಗೂ ಅರಿಶ್ನ ಅಚ್ಚಿದ್ರಲ್ಲ ಸಾ' ಎಂದಳು. ಅದನ್ನು ಮಡಚುತ್ತಾ, 'ಅನೂರಿಂದ ಮದ್ಯಾನಕ್ಕೆ ನಾನು ಎಂಗೆ ಬರ್ಲಿ, ಎರಡು ಬಸ್ಸು. ಅವ್ವುನ್ನ ಯಾರು ತಿರುಗ್ಸಿ ಮಲುಗುಸ್ತಾರೆ? ಕೆಲ್ಸ ಬುಡ್ಬೇಕು ಅಷ್ಟೇಯ' ಎಂದಳು. ಮಾನ್ಯರೇ, ಇಪ್ಪತ್ತಾರು ವರ್ಷದಲ್ಲಿ ನನ್ನ ಕಾಗದಗಳಿಂದ ಜನ ಅತ್ತಿದ್ದಾರೆ, ನನ್ನನ್ನು ಶಪಿಸಿದ್ದಾರೆ, ಒಬ್ಬಾಕೆ ಅದನ್ನು ನನ್ನ ಎದುರೇ ಹರಿದು ಎಸೆದಿದ್ದಾಳೆ. ಆದರೆ ನನ್ನ ಅರಿಶಿನವನ್ನು ನಂಬಿ ಯಾರೂ ಕೆಟ್ಟಿರಲಿಲ್ಲ. ಆ ದಿನ ನನಗೆ ನಾಚಿಕೆಯಾಯಿತು. ತಮ್ಮ ಮೇಲೆ ಸಿಟ್ಟೂ ಬಂತು, ನನ್ನ ಹಟದ ಮೇಲೆ ಅದಕ್ಕಿಂತ ಹೆಚ್ಚಿನ ಸಿಟ್ಟು ಬಂತು.

ವ್ಯವಸ್ಥಾಪಕರ ಬಳಿ ಹೋಗಿ ವಿಷಯ ತಿಳಿಸಿದೆ. ಅವರು ನೊಂದುಕೊಂಡರು, ಆದರೆ ಅವಧಿ ಮುಗಿದಿದೆ, ಮೌನವೇ ಸಮ್ಮತಿ, ಹಾಗೆಂದು ಲಿಖಿತವಾಗಿಯೇ ಇದೆ, ಪಟ್ಟಿ ಕೊಳ್ಳೇಗಾಲದ ಮಾಲೀಕರ ಕಚೇರಿಗೆ ಹೋಗಿದೆ, ಇನ್ನು ಬಾಯಿಮಾತಿನಲ್ಲಿ ಏನೂ ಮಾಡಲಾಗದು ಎಂದರು. ಆಗ ನಾನು ತಮ್ಮ ಕೃಪೆಗಾಗಿ ಪ್ರಾರ್ಥಿಸಿದೆ. ತಾವು ಒಮ್ಮೆ ಆ ಕೊಳ್ಳೇಗಾಲ–ಹನೂರು ರಸ್ತೆಗೂ ತರಬೇತಿ ಕೊಟ್ಟಿದ್ದರೆ, ಅದು ತನ್ನ ಮೊದಲಿನ ಒಂದು ಮೈಲಿಯನ್ನೂ ಕೊನೆಯ ಒಂದು ಮೈಲಿಯನ್ನೂ ಹಿತವಾಗಿ ಉಳಿಸಿಕೊಂಡು ನಡುವಿನದನ್ನು ಮಡಚಿಕೊಳ್ಳುತ್ತಿತ್ತು, ಚಿಕ್ಕಮಾದಮ್ಮ ಮುಕ್ಕಾಲು ಗಂಟೆಯಲ್ಲಿ ಗಂಜಿ ಕುಡಿಸಿ ಹಿಂದಿರುಗುತ್ತಿದ್ದಳು. ಕೆಂಪಾಜಮ್ಮನವರ ಬೆನ್ನಿಗೂ ಒಂದು ಸ್ನೇಹಪೂರ್ವಕ ನೆನಪು ಕಳಿಸಿ, ಮಧ್ಯಾಹ್ನದ ಬದಲು ಸಂಜೆ ಆರರ ಮೇಲೆ ನೋಯುವಂತೆ ಕೋರಬಹುದಾಗಿತ್ತು. ತಾವು ದೂರದ ಮೈಸೂರಿನಲ್ಲಿ ಇದ್ದುದರಿಂದ ಎರಡೂ ಸಾಧ್ಯವಾಗಲಿಲ್ಲ. ಹಾಗಾಗಿ ತಮ್ಮ ವಿದ್ಯೆಯನ್ನೇ ನೆಚ್ಚಿಕೊಂಡೆ.

ಹನೂರಿನ ಘಟಕ ಶುರುವಾಗಲು ಇನ್ನೂ ಮೂರು ವಾರಗಳಿದ್ದವು. ನಾನು ಹಳದಿ ಮೂಲೆಯ ಲೆಟರ್‌ಹೆಡ್ಡನ್ನೇ ತೆಗೆದುಕೊಂಡು ಮಲ್ಲಿಕಾರ್ಜುನಸ್ವಾಮಿಯವರಿಗೆ ಒಂದು ಪತ್ರ ಬರೆದೆ. ವಿಷಯ: ತಮ್ಮ ದಕ್ಷ ನಾಯಕತ್ವಕ್ಕೆ ಸಿಬ್ಬಂದಿಯ ಅಭಿನಂದನೆ. ಮೊದಲ ಪ್ಯಾರಾದಲ್ಲಿ ಅವರ ಸಮಯಪ್ರಜ್ಞೆ, ಕೊನೆಯ ಪ್ಯಾರಾದಲ್ಲಿ ಅವರ ದೀರ್ಘಾಯುಷ್ಯ. ನಡುವೆ, ಚಿಕ್ಕಮಾದಮ್ಮನವರ ಮನೆಯ ಪರಿಸ್ಥಿತಿಯನ್ನು ಎರಡು ಸಾಲಿನಲ್ಲಿ ಹೇಳಿ, 'ತಮ್ಮಿಂದ ಹದಿನೈದು ದಿನದೊಳಗೆ ಲಿಖಿತ ಆಕ್ಷೇಪಣೆ ಬಾರದಿದ್ದಲ್ಲಿ ಅವರು ಅಗರದಲ್ಲೇ ಮುಂದುವರಿಯಲು ತಮ್ಮ ಸಮ್ಮತಿ ಇದೆಯೆಂದು ಭಾವಿಸಲಾಗುವುದು' ಎಂದು ಸೇರಿಸಿದೆ. ಆವಕ ಪುಸ್ತಕದಲ್ಲಿ ಸಂಖ್ಯೆ ಹಾಕಿ, ಕೆಳಗೆ ಸಿಬ್ಬಂದಿಯ ಸಹಿ ಹಾಕಿಸಿ, ಕೈಗೇ ಕೊಟ್ಟು ರಶೀದಿ ತೆಗೆದುಕೊಂಡೆ. ಕದ್ದು ಮಾಡಿದ್ದು ಏನೂ ಇಲ್ಲ. ಎಲ್ಲ ಬೆಳಕಿನಲ್ಲೇ ಇತ್ತು, ಓದುವುದೊಂದು ಬಾಕಿ ಇತ್ತು.

ಅವರು ಮೊದಲ ಪ್ಯಾರಾ ಓದಿದರು, ಕಣ್ಣು ತುಂಬಿಕೊಂಡಿತು. ಕೊನೆಯ ಪ್ಯಾರಾ ಓದಿದರು, ಕನ್ನಡಕ ತೆಗೆದು ಒರೆಸಿಕೊಂಡರು. ಮಾರನೆಯ ದಿನವೇ ಅದಕ್ಕೆ ಲ್ಯಾಮಿನೇಷನ್ ಮಾಡಿಸಿ ತಮ್ಮ ಕುರ್ಚಿಯ ಹಿಂದೆ ಗೋಡೆಗೆ ಹಾಕಿಸಿದರು. ಮೊಬೈಲಿನಲ್ಲಿ ಫೋಟೋ ಹಿಡಿದು ವಾಟ್ಸ್‌ಆ್ಯಪ್ ಸ್ಟೇಟಸ್ಸಿಗೆ ಏರಿಸಿದರು. ಮಾಲೀಕರು ಬಂದಾಗ ಅವರಿಗೂ ತೋರಿಸಿದರು, ಮಾಲೀಕರೂ ಮೊದಲ ಸಾಲನ್ನೂ ಕೊನೆಯ ಸಾಲನ್ನೂ ಓದಿ ಬೆನ್ನು ತಟ್ಟಿದರು. ಹದಿನೈದು ದಿನವೂ ಆ ನಡುವಿನ ಪ್ಯಾರಾ ವ್ಯವಸ್ಥಾಪಕರ ತಲೆಯ ಹಿಂದೆ ಎರಡು ಅಡಿ ದೂರದಲ್ಲಿ ನೇತಾಡುತ್ತಿತ್ತು. ಹೆಂಗಸರು ನೆಪ ಮಾಡಿಕೊಂಡು ಕಚೇರಿಗೆ ಬಂದು ಅದನ್ನು ನೋಡಿ ಹೋಗುತ್ತಿದ್ದರು. ಆ ದಿನಗಳಲ್ಲಿ ಚಿಕ್ಕಮಾದಮ್ಮ ನನ್ನನ್ನು ಕಂಡರೆ ನಗಲೂ ಹೆದರುತ್ತಿದ್ದಳು, ನಾನೂ ಅಷ್ಟೇ.

ಹದಿನಾರನೆಯ ದಿನ ಬೆಳಿಗ್ಗೆ ನಾನು ಕಡತ ಹಿಡಿದು ಹೋಗಿ, ಅವಧಿ ಮುಗಿದಿದೆ, ಮೌನವೇ ಸಮ್ಮತಿ, ಚಿಕ್ಕಮಾದಮ್ಮನವರ ಹೆಸರು ಪಟ್ಟಿಯಿಂದ ತೆಗೆಯುವ ಆದೇಶಕ್ಕೆ ಸಹಿ ಬೇಕು ಎಂದೆ. ಅವರು ನನ್ನನ್ನು ನೋಡಿದರು. ಕುರ್ಚಿಯನ್ನು ನಿಧಾನವಾಗಿ ಹಿಂದಕ್ಕೆ ತಿರುಗಿಸಿ ಗೋಡೆಯನ್ನು ನೋಡಿದರು. ಲ್ಯಾಮಿನೇಷನ್ನಿನ ಮೇಲೆ ಬೆರಳಿಟ್ಟು ನಡುವಿನ ಪ್ಯಾರಾವನ್ನು ಮೊದಲ ಸಲ ಓದಿದರು. 'ಎಲ್ಲಿ ಕಲ್ತ್ರಿ ಇದ್ನ?' ಎಂದು ಕೇಳಿದರು. 'ಕೊಳ್ಳೇಗಾಲದಲ್ಲಿ, ನಿಮ್ಮ ಪಕ್ಕದ ಕುರ್ಚಿಯಲ್ಲೇ ಕೂತು ಕಲಿತದ್ದು' ಎಂದೆ. ಅದನ್ನು ಗೋಡೆಯಿಂದ ತೆಗೆಯುವಂತಿರಲಿಲ್ಲ, ಮಾಲೀಕರು ನೋಡಿ ಮೆಚ್ಚಿದ್ದರು. ಅಲ್ಲಗಳೆಯುವಂತಿರಲಿಲ್ಲ, ಅವಧಿ ಮುಗಿದಿತ್ತು. ಅವರೂ ಮನುಷ್ಯರೇ, ಸ್ವಲ್ಪ ಹೊತ್ತಿಗೆ ನಗು ಬಂತು. ಸಹಿ ಹಾಕಿ, ಆ ಹೆಂಗಸಿಗೆ ಈ ಆದೇಶವನ್ನಾದರೂ ಬಾಯಲ್ಲಿ ಹೇಳಿ ಎಂದರು. ನಾನು ಮನೆಯಿಂದ ಡಬ್ಬಿ ತಂದು, ಬಿಳಿ ಕಾಗದಕ್ಕೆ ನನ್ನ ಬೆರಳಿನಲ್ಲೇ ಅರಿಶಿನ ಹಚ್ಚಿ, ಗೇಟಿನ ಬಳಿ ಹೋಗಿ ಓದಿ ಹೇಳಿದೆ. ಅವಳು ಮೂಲೆಯನ್ನು ಹೆಬ್ಬೆರಳಿನಿಂದ ಉಜ್ಜಿದಳು. ಹಳದಿ ಬೆರಳಿಗೆ ಅಂಟಿತು. ಅದನ್ನು ನೋಡಿದ ಮೇಲೆಯೇ ನಂಬಿದಳು. ಅಷ್ಟರಲ್ಲಿ ಮಧ್ಯಾಹ್ನದ ಗಂಟೆ ಹೊಡೆಯಿತು, ಮನೆಗೆ ಓಡಿದಳು.

ಇದೆಲ್ಲವೂ ತಮ್ಮಿಂದಲೇ ಸಾಧ್ಯವಾಯಿತೆಂಬುದನ್ನು ನಾನು ಎದೆಯುಬ್ಬಿಸಿ ಹೇಳುತ್ತೇನೆ. ತಮ್ಮ ಜ್ಞಾನ ಕನ್ನಡ ನಾಡಿನ ಕಚೇರಿ ಕಚೇರಿಗೂ ಹಬ್ಬಲಿ, ತಮ್ಮ ಪ್ರೊಜೆಕ್ಟರಿನ ದೀಪ ಎಂದಿಗೂ ನಂದದಿರಲಿ, ತಮ್ಮ ಕೀರ್ತಿ ನಮ್ಮ ಬಿಳಿಗಿರಿರಂಗನ ಬೆಟ್ಟದಷ್ಟು ಎತ್ತರಕ್ಕೆ ಏರಲಿ, ತಮ್ಮ ಬಾಳು ಬಂಗಾರವಾಗಲಿ ಎಂದು ಹಾರೈಸುತ್ತೇನೆ.

ಇಂತು, ಇನ್ನೂ ಏಳು ಅಂಕ ಬಾಕಿ ಇರುವ,
ತಮ್ಮ ವಿಶ್ವಾಸಿ,
ಶಾಂತರಾಜು
ಪತ್ರ ವ್ಯವಹಾರದ ಗುಮಾಸ್ತ, ಅಗರ

ಮರೆತ ಮಾತು: ಮೇಲಿನ ಪತ್ರವನ್ನು ರಿಜಿಸ್ಟರ್ ಅಂಚೆಯಲ್ಲಿ ತಮಗೆ ಕಳಿಸಿ, ಅದು ತಮ್ಮ ಕೈ ಸೇರಿ ಇಂದಿಗೆ ಹದಿನಾರು ದಿನವಾದ್ದರಿಂದ ಈಗ ಬಹಿರಂಗಪಡಿಸುತ್ತಿದ್ದೇನೆ. ಎರಡನೆಯ ದಿನವೇ ತಮ್ಮ ಉತ್ತರ ಬಂದಿತ್ತು: 'ತಮ್ಮ ಮೆಚ್ಚುಗೆಯ ನುಡಿಗಳಿಗೆ ಹೃತ್ಪೂರ್ವಕ ಧನ್ಯವಾದಗಳು. ಇದನ್ನು ನಮ್ಮ ಜಾಹೀರಾತಿನಲ್ಲಿ ಬಳಸಿಕೊಳ್ಳಲು ಅನುಮತಿ ಕೋರುತ್ತೇವೆ.' ಅನುಮತಿ ಇದೆ, ಇಡೀ ಪತ್ರವನ್ನೇ ಹಾಕಿಕೊಳ್ಳಿ. ಆಕ್ಷೇಪಣೆಯೇನೂ ಬಂದಿಲ್ಲವಾದ್ದರಿಂದ, ತಮ್ಮ ತಿಳಿನೀಲಿ ಅಂಗಿಯ ಪ್ಯಾರಾದಲ್ಲಿ ನಿವೇದಿಸಿಕೊಂಡಿರುವಂತೆ ಬರುವ ಸೋಮವಾರ ಹತ್ತು ಗಂಟೆಗೆ ಕಾರ್ಖಾನೆಯ ಅಂಗಳದಲ್ಲಿ ತಮಗಾಗಿ ಜಮಖಾನ ಹಾಸಿರುತ್ತದೆ. ಹೆಂಗಸರೆಲ್ಲ ಬರುತ್ತಾರೆ, ನಾಗಯ್ಯನನ್ನೂ ಎಬ್ಬಿಸಿರುತ್ತೇವೆ. ಚಿಕ್ಕಮಾದಮ್ಮ ತಂಬಿಟ್ಟು ಮಾಡಿಕೊಂಡು ಬರುತ್ತಾಳೆ. ತಮಗೆ ಒಂದು ಮಾತು ತಿಳಿಸಬೇಕೆಂದು ಹೇಳಿದ್ದಾಳೆ, ಹೇಳಿದಂತೆಯೇ ಬರೆಯುತ್ತಿದ್ದೇನೆ: 'ಓದೋಕೆ ಬತ್ತಾರಲ್ಲ ಸಾ, ಮೊದ್ಲೂ ಬ್ಯಾಡ, ಕೊನೇದೂ ಬ್ಯಾಡ. ನಡೂಕಿಂದ್ಲೇ ಸುರು ಮಾಡಾಕೆ ಏಳಿ.'